ಕಡಲೆಯ ನೆಟೆರೋಗ ಮತ್ತು ತಳಿಗಳ ಪರೀಕ್ಷೆ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ವಿದ್ಯಾಶಾಲೆಯ ಉತ್ಸವದಲ್ಲಿ ಸಾಹಿತ್ಯವನ್ನೋ ಸದಾಚಾರವನ್ನೋ ಕುರಿತು ಮಾತನಾಡುವುದು ವಾಡಿಕೆ. ನಾನು ಬೆಳೆಯ ರೋಗವೊಂದನ್ನು ಕುರಿತು ಮಾತನಾಡಲು ಹೊರಟಿರುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ಸಭೆಯಲ್ಲಿ ಕುಳಿತಿರುವ ಮಕ್ಕಳಲ್ಲಿ ಹಲವರ ಪುಸ್ತಕ, ಬಟ್ಟೆಗಳ ವೆಚ್ಚವು ಹತ್ತಿಯಿಂದಲೋ ಹಿಂಗಾರಿಯ ಕಡಲೆಯಿಂದಲೋ ಬರತಕ್ಕದ್ದು. ಆ ಕಡಲೆಯು ನಿಂತ ನಿಲುವಿನಲ್ಲಿ ಬಾಡಿದರೆ ಮನೆಯ ಲೆಕ್ಕವೂ ಬಾಡುತ್ತದೆ. ಅಲ್ಲದೆ ನನ್ನ ವಿಷಯವು ಪರೀಕ್ಷೆಯ ವಿಷಯ. ಪರೀಕ್ಷೆಯೆಂದರೇನೆಂಬುದು ವಿದ್ಯಾರ್ಥಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಬೀಜಕ್ಕೂ ಒಂದು ಪರೀಕ್ಷೆಯುಂಟು. ಅದನ್ನು ನಡೆಸುವುದು ಮಣ್ಣು. ಆ ಪರೀಕ್ಷೆಯ ಕ್ರಮವನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಸೀಮೆಯ ಸ್ಥಿತಿ ತಮಗೆ ತಿಳಿದೇ ಇದೆ. ಆದವಾನಿ, ಆಲೂರು ಭಾಗಗಳು ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಸ್ಥಾಪನೆಯಾದಾಗ ಕರ್ನೂಲು ಜಿಲ್ಲೆಗೆ ಬಂದವು. ೨೦೨೨ರಲ್ಲಿ ನಂದ್ಯಾಲವು ಬೇರೆ ಜಿಲ್ಲೆಯಾಯಿತು. ಆದವಾನಿಯು ಕರ್ನೂಲಿನಲ್ಲಿಯೇ ಉಳಿಯಿತು. ಗಡಿಗಳು ಹೀಗೆ ಸರಿದರೂ ಎರೆಭೂಮಿಯು ಸರಿಯಲಿಲ್ಲ. ಹೊಳಗುಂದ, ಕೌತಾಳಂ ಕಡೆಯ ಹೊಲಕ್ಕೂ ಬಳ್ಳಾರಿ, ರಾಯಚೂರು ಕಡೆಯ ಹೊಲಕ್ಕೂ ಮಣ್ಣಿನಲ್ಲಿ ಬಹಳ ಭೇದವಿಲ್ಲ. ಬ್ರಿಟಿಷರ ಕಾಲದಲ್ಲಿ, ೧೯೦೬ರಲ್ಲಿ, ಈ ಎರೆಭೂಮಿಯ ಬೆಳೆಗಳ ಅಭ್ಯಾಸಕ್ಕಾಗಿ ಬಳ್ಳಾರಿಯ ಬಳಿಯ ಹಗರಿಯಲ್ಲಿ ಒಂದು, ನಂದ್ಯಾಲದಲ್ಲಿ ಒಂದು ಸಂಶೋಧನ ಕ್ಷೇತ್ರವನ್ನು ತೆರೆದರು. ಎರಡೂ ಈಗಲೂ ಕೆಲಸ ಮಾಡುತ್ತಿವೆ. ಒಂದರಲ್ಲಿ ಕನ್ನಡವೂ ಇನ್ನೊಂದರಲ್ಲಿ ತೆಲುಗೂ ನಡೆಯುತ್ತದೆ. ನಾವು ಇವೆರಡರ ನಡುವೆ ಇದ್ದೇವೆ.

ಈ ಭೂಮಿಯಲ್ಲಿ ಮಳೆಗಾಲದ ಕೊನೆಗೆ ನೆಲದಲ್ಲಿ ಉಳಿದ ಹಸಿಯನ್ನೇ ನಂಬಿ ಕಡಲೆಯನ್ನು ಬಿತ್ತುತ್ತೇವೆ. ಬಿತ್ತಿ ಮೂರು ವಾರಗಳಾಗುವುದರೊಳಗೆ ಕೆಲವು ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡ ತಲೆಬಾಗಿಸಿ ನಿಲ್ಲುತ್ತದೆ. ಎಲೆಯ ಹಸಿರು ಮಂಕಾಗುತ್ತದೆ, ತೊಟ್ಟುಗಳು ಜೋತುಬೀಳುತ್ತವೆ, ಕೆಲವೇ ದಿನಗಳಲ್ಲಿ ಗಿಡ ಸಾಯುತ್ತದೆ. ಇದನ್ನು ಕನ್ನಡದಲ್ಲಿ ನೆಟೆರೋಗವೆಂದೂ ಸೊರಗು ರೋಗವೆಂದೂ ಕರೆಯುತ್ತಾರೆ. ತೆಲುಗಿನವರು ಎಂಡು ತೆಗುಲು ಎನ್ನುತ್ತಾರೆ. ನೀರು ಸಾಲದೆ ಬಾಡಿತೆಂದು ತಿಳಿಯುವುದು ಸಹಜ. ಆದರೆ ಅಂಥ ಗಿಡವನ್ನು ಮೆಲ್ಲಗೆ ಕಿತ್ತು, ಬುಡದಿಂದ ಬೇರಿನವರೆಗೆ ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಬೇಕು. ಹೊರಗೆ ಬೇರು ಆರೋಗ್ಯವಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಕಂದುಗಪ್ಪು ಗೆರೆಯೊಂದು ಮೇಲಕ್ಕೆ ಏರಿರುತ್ತದೆ. ಬೇರಿನಿಂದ ಎಲೆಗೆ ನೀರೊಯ್ಯುವ ನಾಳಗಳು ಅವು. ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರಿನ ಮೂಲಕ ಒಳಹೊಕ್ಕು ಆ ನಾಳಗಳನ್ನು ಕಟ್ಟಿಹಾಕುತ್ತದೆ. ನೆಲದಲ್ಲಿ ಹಸಿಯಿದ್ದರೂ ಗಿಡವು ಬಾಯಾರಿಕೆಯಿಂದಲೇ ಸಾಯುತ್ತದೆ.

ಎಳೆಯದರಲ್ಲಿಯೇ ಈ ರೋಗ ತಗುಲಿದರೆ ನಷ್ಟ ಹೆಚ್ಚು, ಕಾಯಿ ಕಟ್ಟುವಾಗ ತಗುಲಿದರೆ ಸ್ವಲ್ಪ ಕಡಿಮೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಹವಾರೆ ಮತ್ತು ನೆನೆ ಎಂಬ ವಿಜ್ಞಾನಿಗಳು ಇದನ್ನು ಅಳೆದು ನೋಡಿ ೧೯೮೦ರಲ್ಲಿ ಪ್ರಕಟಿಸಿದರು. ಬೇಗ ಸೊರಗಿದ ಗಿಡಗಳಲ್ಲಿ ನೂರಕ್ಕೆ ೭೭ರಿಂದ ೯೪ರಷ್ಟು ಫಸಲು ನಷ್ಟವಾದರೆ, ತಡವಾಗಿ ಸೊರಗಿದವುಗಳಲ್ಲಿ ೨೪ರಿಂದ ೬೫ರಷ್ಟು ನಷ್ಟವಾಗುತ್ತದೆಂದು ಅವರು ಕಂಡರು.

ಮದ್ದು ಹೊಡೆದು ಇದನ್ನು ನಿಲ್ಲಿಸಬಾರದೇ ಎಂದು ತಾವು ಕೇಳಬಹುದು. ಎಲೆಯ ಮೇಲಿನ ರೋಗಕ್ಕೆ ಮದ್ದು ತಲುಪುತ್ತದೆ. ಮಣ್ಣಿನೊಳಗಿನ ರೋಗಕ್ಕೆ ತಲುಪುವುದು ಕಷ್ಟ. ಬೀಜೋಪಚಾರದಿಂದ ಮೊಳಕೆಗೆ ಕೆಲವು ದಿನಗಳ ರಕ್ಷಣೆ ಸಿಗುತ್ತದೆ. ಅದನ್ನು ತಪ್ಪದೆ ಮಾಡಬೇಕು. ಆದರೆ ಈ ಶಿಲೀಂಧ್ರವು ಗಟ್ಟಿ ಗೋಡೆಯ ಬೀಜಾಣುಗಳಾಗಿ ನೆಲದಲ್ಲಿ ಅಡಗಿ ಕುಳಿತು, ಕಡಲೆಯನ್ನೇ ಬಿತ್ತದಿದ್ದರೂ ಆರು ವರ್ಷಕ್ಕೂ ಮೇಲ್ಪಟ್ಟು ಬದುಕಿರಬಲ್ಲದು. ತೊಗರಿ, ಬಟಾಣಿ, ಮಸೂರಗಳ ಬೇರಿನಲ್ಲಿ ರೋಗದ ಯಾವ ಗುರುತನ್ನೂ ತೋರದೆ ಆಶ್ರಯ ಪಡೆಯುವುದೂ ಉಂಟು. ಆದಕಾರಣ ಒಂದು ವರ್ಷ ಕಡಲೆ ಬಿಟ್ಟು ತೊಗರಿ ಹಾಕಿದೆವು, ಹೊಲ ಶುದ್ಧವಾಯಿತೆಂದು ತಿಳಿದರೆ ಅದು ಭ್ರಮೆ. ಜೋಳದಂಥ ಬೆಳೆಯೊಡನೆ ಸರದಿ ಮಾಡಿದರೆ ರೋಗದ ಹೊರೆ ತಗ್ಗುತ್ತದೆ, ನಿರ್ಮೂಲವಾಗುವುದಿಲ್ಲ.

ಮಣ್ಣಿನಲ್ಲಿ ಕುಳಿತು ಕಾಯುವ ಶತ್ರು ನಮಗೆ ಮಾತ್ರವೇ ಇರುವುದಲ್ಲ. ತಂಪು ದೇಶಗಳಲ್ಲಿ ಎಲೆಕೋಸು, ಹೂಕೋಸು, ಸಾಸಿವೆಗಳ ಜಾತಿಗೆ ಇಂಥದೇ ಒಂದು ಪಿಡುಗಿದೆ. ಬೇರು ಗದೆಯಂತೆ ಊದಿಕೊಳ್ಳುವುದರಿಂದ ಇಂಗ್ಲಿಷಿನವರು ಅದನ್ನು ಕ್ಲಬ್‌ರೂಟ್ ಎನ್ನುತ್ತಾರೆ. ನಾವು ಗದೆಬೇರು ಎನ್ನಬಹುದು. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಸುತ್ತ ಎಲೆಕೋಸಿನ ತೋಟಗಳು ಇದರಿಂದ ಹಾಳಾದಾಗ ವೊರೊನಿನ್ ಎಂಬ ವಿಜ್ಞಾನಿ ವರ್ಷಗಟ್ಟಲೆ ದುಡಿದು, ೧೮೭೮ರಲ್ಲಿ ಅದರ ಕಾರಣವನ್ನು ಪ್ರಕಟಪಡಿಸಿದನು. ನಮ್ಮ ದೇಶದಲ್ಲಿ ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಅದು ಕಂಡುಬಂದಿದೆ. ಹುಳಿ ಗುಣದ, ಸದಾ ತೇವವಾದ, ತಂಪು ಮಣ್ಣು ಅದಕ್ಕೆ ಬೇಕು. ಸುಣ್ಣದ ಅಂಶವುಳ್ಳ ನಮ್ಮ ಒಣ ಎರೆಭೂಮಿಯು ಅದಕ್ಕೆ ಒಗ್ಗದು. ನೆಟೆರೋಗಕ್ಕೋ ಇದೇ ಭೂಮಿ ಸಾಕು. ಹೀಗೆ ಒಂದೊಂದು ಸೀಮೆಯ ಮಣ್ಣಿಗೂ ಅದರದೇ ಶತ್ರುವಿದೆ. ಆದರೆ ಎದುರಿಸುವ ಮಾರ್ಗ ಎರಡು ಕಡೆಯಲ್ಲಿಯೂ ಒಂದೇ. ಮಣ್ಣನ್ನು ಬದಲಿಸಲಾಗದಿದ್ದರೆ ಆ ಮಣ್ಣಿನಲ್ಲಿ ಬದುಕಬಲ್ಲ ಬೀಜವನ್ನು ಹುಡುಕಬೇಕು.

ಹುಡುಕುವುದು ಹೇಗೆ? ಈ ಮಾರ್ಗವನ್ನು ಮೊದಲು ತೋರಿಸಿದವರಲ್ಲಿ ಅಮೆರಿಕದ ಆರ್ಟನ್ ಎಂಬಾತನು ಮುಖ್ಯನು. ಹತ್ತಿಯ ಮಾರುಕಟ್ಟೆಗೆ ಹೆಸರಾದ ಆದವಾನಿಯಲ್ಲಿ ನಿಂತು ಅವನನ್ನು ನೆನೆಯುವುದು ಯುಕ್ತವೇ ಆಗಿದೆ. ಏಕೆಂದರೆ ಅವನು ನೋಡಿದ್ದು ಹತ್ತಿಯ ಸೊರಗು ರೋಗವನ್ನು. ೧೮೯೯ರ ಸುಮಾರಿಗೆ ದಕ್ಷಿಣ ಕೆರೊಲಿನದ ಕರಾವಳಿಯಲ್ಲಿ ಹತ್ತಿಯ ಹೊಲಗಳು ಒಣಗುತ್ತಿದ್ದವು. ಆರ್ಟನ್ನನು ಸತ್ತ ಗಿಡಗಳನ್ನು ಬಿಟ್ಟು, ಅವುಗಳ ನಡುವೆ ಬದುಕುಳಿದ ಒಂಟಿ ಗಿಡಗಳ ಕಡೆಗೆ ತಿರುಗಿದನು. ಅವುಗಳ ಬೀಜವನ್ನು ಬೇರೆಬೇರೆಯಾಗಿ ತೆಗೆದು, ಒಳ್ಳೆಯ ಹೊಲದಲ್ಲಲ್ಲ, ಅದೇ ಕೆಟ್ಟ ಹೊಲದಲ್ಲಿ ಮತ್ತೆ ಬಿತ್ತಿಸಿದನು. ಮತ್ತೆ ಬದುಕಿದ್ದನ್ನು ಆರಿಸಿದನು. ರೋಗನಿರೋಧಕ ಹತ್ತಿಯು ಹುಟ್ಟಿದ್ದು ಹೀಗೆ. ಇದರಲ್ಲಿರುವ ನೀತಿ ಗಮನಾರ್ಹವಾದುದು: ಒಳ್ಳೆಯ ನೆಲದಲ್ಲಿ ಎಲ್ಲ ಬೀಜವೂ ಒಳ್ಳೆಯದೇ. ಬೀಜದ ಯೋಗ್ಯತೆ ತಿಳಿಯಬೇಕಾದರೆ ಕೆಟ್ಟ ನೆಲವೇ ಬೇಕು.

ಆದುದರಿಂದಲೇ ಸಂಶೋಧನ ಕೇಂದ್ರಗಳಲ್ಲಿ ಬೇಕೆಂದೇ ರೋಗದ ಮಡಿಯೊಂದನ್ನು ಸಿದ್ಧಪಡಿಸುತ್ತಾರೆ. ಬೇರೆ ಹೊಲಗಳಿಂದ ದೂರವಾದ ಒಂದು ಮಡಿಯನ್ನು ಗೊತ್ತುಮಾಡಿ, ನೆಟೆ ಬಿದ್ದು ಸತ್ತ ಗಿಡಗಳನ್ನು ಕತ್ತರಿಸಿ ಅದರ ಮಣ್ಣಿಗೆ ಸೇರಿಸುತ್ತಾರೆ. ಬಳಿಕ ಬಹು ಬೇಗ ರೋಗಕ್ಕೆ ತುತ್ತಾಗುವ ಜೆ.ಜಿ. ೬೨ ಎಂಬ ಕಡಲೆಯನ್ನು ಅದರಲ್ಲಿ ಮತ್ತೆ ಮತ್ತೆ ಬಿತ್ತುತ್ತಾರೆ. ಮಡಿಯ ಎಲ್ಲ ಮೂಲೆಗಳಲ್ಲಿಯೂ ಆ ಕಡಲೆಯು ಸಮನಾಗಿ ಸಾಯತೊಡಗಿದಾಗ ಮಡಿಯು ಪರೀಕ್ಷೆಗೆ ಸಿದ್ಧವಾಯಿತೆಂದು ಅರ್ಥ. ಆಮೇಲೆ ಹೊಸ ತಳಿಗಳನ್ನು ಒಂದೊಂದು ಸಾಲಿನಲ್ಲಿ ಬಿತ್ತಿ, ಕೆಲವು ಸಾಲುಗಳಿಗೊಮ್ಮೆ ನಡುನಡುವೆ ಜೆ.ಜಿ. ೬೨ರ ಸಾಲನ್ನೂ ಬಿತ್ತುತ್ತಾರೆ. ಹುಟ್ಟಿದ ಗಿಡಗಳನ್ನು ಎಣಿಸುತ್ತಾರೆ; ಸತ್ತ ಗಿಡಗಳನ್ನು ಎಣಿಸುತ್ತಾರೆ. ನೂರಕ್ಕೆ ಹತ್ತರೊಳಗೆ ಸತ್ತರೆ ಆ ತಳಿಯನ್ನು ನಿರೋಧಕವೆನ್ನುವುದು ರೂಢಿ.

ಸಾಯುವುದೆಂದು ಮೊದಲೇ ತಿಳಿದಿರುವ ಕಡಲೆಯನ್ನು ನಡುವೆ ಬಿತ್ತುವುದೇಕೆ? ಇಡೀ ಪರೀಕ್ಷೆಯ ಜೀವಾಳವೇ ಅದು. ಹೊಸ ತಳಿಯ ಸಾಲು ಹಸಿರಾಗಿ ನಿಂತಿದೆಯೆನ್ನೋಣ. ಅದು ತನ್ನ ಶಕ್ತಿಯಿಂದ ನಿಂತಿತೋ, ಅಥವಾ ಆ ಜಾಗದಲ್ಲಿ ರೋಗವೇ ಇಲ್ಲದುದರಿಂದ ತಪ್ಪಿಸಿಕೊಂಡಿತೋ ತಿಳಿಯುವುದು ಹೇಗೆ? ಪಕ್ಕದ ಸಾಲಿನ ಜೆ.ಜಿ. ೬೨ ಸತ್ತಿದ್ದರೆ ಮಾತ್ರ ಹೊಸ ತಳಿಯ ಗೆಲವು ಗೆಲವು. ಪಕ್ಕದ್ದೂ ಬದುಕಿದ್ದರೆ ಆ ವರ್ಷದ ಪರೀಕ್ಷೆಯೇ ನಡೆಯಲಿಲ್ಲವೆಂದು ಬರೆದಿಡಬೇಕು. ಎಲ್ಲರೂ ತೇರ್ಗಡೆಯಾದ ಪರೀಕ್ಷೆಯಿಂದ ಯಾರ ಬುದ್ಧಿಯೂ ತಿಳಿಯುವುದಿಲ್ಲ. ಈ ಹೋಲಿಕೆಯ ಸಾಲಿಲ್ಲದೆ "ಈ ಬೀಜಕ್ಕೆ ನೆಟೆ ಬರುವುದಿಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ" ಎಂದು ಯಾರು ಹೇಳಿದರೂ, ಅಂಗಡಿಯವನು ಹೇಳಿದರೂ, ನೆರೆಹೊಲದವನು ಹೇಳಿದರೂ, ಅದು ನಂಬಿಕೆಯೇ ಹೊರತು ಪ್ರಮಾಣವಲ್ಲ.

ಇನ್ನೊಂದು ತೊಡಕೂ ಉಂಟು. ಶಿಲೀಂಧ್ರವು ಎಲ್ಲೆಡೆಯೂ ಒಂದೇ ಬಗೆಯದಲ್ಲ. ಹವಾರೆ ಮತ್ತು ನೆನೆಯವರು ೧೯೮೨ರಲ್ಲಿ ಹತ್ತು ಕಡಲೆ ತಳಿಗಳನ್ನು ಒರೆಗಲ್ಲಾಗಿ ಇಟ್ಟುಕೊಂಡು, ಹೈದರಾಬಾದು, ಕಾನ್ಪುರ, ಗುರುದಾಸಪುರ, ಹಿಸ್ಸಾರಗಳ ಶಿಲೀಂಧ್ರಗಳು ನಾಲ್ಕು ಬೇರೆ ಪಂಗಡಗಳೆಂದು ತೋರಿಸಿಕೊಟ್ಟರು. ಒಂದು ಪಂಗಡವನ್ನು ತಡೆಯುವ ತಳಿ ಇನ್ನೊಂದಕ್ಕೆ ಸೋಲಬಹುದು. ಆ ಹತ್ತು ಒರೆಗಲ್ಲುಗಳಲ್ಲಿ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರು ಹೊತ್ತ ತಳಿಯೂ ಒಂದಾಗಿತ್ತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಹೀಗಾಗಿ ರೋಗನಿರೋಧ ಶಕ್ತಿಯೆಂಬುದು ಬೀಜವೊಂದರ ಗುಣವಲ್ಲ. ಬೀಜಕ್ಕೂ ಆ ನೆಲದ ಶಿಲೀಂಧ್ರಕ್ಕೂ ನಡೆಯುವ ಸೆಣಸಾಟದ ಫಲ. ಒಂದೂರಿನ ತೀರ್ಪನ್ನು ಇನ್ನೊಂದೂರಿನಲ್ಲಿ ಮತ್ತೆ ಪರಿಶೀಲಿಸಲೇಬೇಕು.

ಈ ಪರೀಕ್ಷೆಗಳಿಂದ ನಮ್ಮ ಸೀಮೆಗೆ ಆದ ಉಪಕಾರವನ್ನು ಹೇಳದಿದ್ದರೆ ಕೃತಘ್ನತೆಯಾದೀತು. ೧೯೭೮ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ ೧ ಕರ್ನಾಟಕದಲ್ಲಿ ಮಾತ್ರವಲ್ಲದೆ ಕರ್ನೂಲಿನ ಹೊಲಗಳಲ್ಲಿಯೂ ಬಹುಕಾಲ ಮೆರೆಯಿತು. ರುಚಿ, ಇಳುವರಿಗಳಲ್ಲಿ ಅದಕ್ಕೆ ಒಳ್ಳೆಯ ಹೆಸರು. ಆದರೆ ನೆಟೆರೋಗದ ಮುಂದೆ ಅದು ಸೋಲುತ್ತಿತ್ತು. ಜಬಲ್ಪುರದ ಕೃಷಿ ವಿಶ್ವವಿದ್ಯಾನಿಲಯವೂ ಇಕ್ರಿಸ್ಯಾಟ್ ಸಂಸ್ಥೆಯೂ ಕೂಡಿ ಬೆಳೆಸಿದ ಜೆ.ಜಿ. ೧೧ ಎಂಬ ತಳಿ ೧೯೯೯ರಲ್ಲಿ ಹೊರಬಂದಿತು. ಅದು ನೂರು ದಿನಗಳ ಒಳಗೆ ಕೊಯ್ಲಿಗೆ ಬರುವುದು, ನೆಟೆಯನ್ನು ತಡೆಯುವುದು. ನೆಲದ ಹಸಿ ಆರುವ ಮೊದಲೇ ಬೆಳೆ ಮುಗಿಯುವುದರಿಂದ ನಮ್ಮ ಮಳೆಯಾಧಾರದ ಬೇಸಾಯಕ್ಕೆ ಅದು ಸರಿಹೊಂದಿತು. ೨೦೦೦ದಿಂದ ೨೦೦೯ರೊಳಗೆ ಅಂದಿನ ಅವಿಭಜಿತ ಆಂಧ್ರಪ್ರದೇಶದ ಕಡಲೆಯ ಉತ್ಪನ್ನವು ಒಂದು ಲಕ್ಷ ಟನ್ನಿಗೂ ಕಡಮೆಯಿದ್ದುದು ಎಂಟು ಲಕ್ಷ ಟನ್ನನ್ನು ಮೀರಿತು. ಹೆಕ್ಟೇರಿಗೆ ೬೦೦ ಕಿಲೋಗ್ರಾಂ ಮುಟ್ಟದಿದ್ದ ಇಳುವರಿಯು ಸುಮಾರು ೧೪೦೦ಕ್ಕೆ ಏರಿತು. ಇದಕ್ಕೆ ಬೆಲೆ, ಯಂತ್ರ, ಶೀತಲ ಗೋದಾಮು ಮೊದಲಾದ ಇತರ ಕಾರಣಗಳೂ ಉಂಟು. ಆದರೆ ಬಿತ್ತಿದ ಗಿಡ ಬದುಕಿ ಉಳಿಯದೆ ಉಳಿದ ಕಾರಣಗಳಿಂದ ಏನೂ ಆಗುತ್ತಿರಲಿಲ್ಲ.

ಹಳೆಯ ಅಣ್ಣಿಗೇರಿಯನ್ನೂ ಕನ್ನಡನಾಡಿನವರು ಕೈಬಿಡಲಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯದವರು ಇಕ್ರಿಸ್ಯಾಟಿನೊಡನೆ ಸೇರಿ, ಬಲವಾದ ನಿರೋಧ ಶಕ್ತಿಯುಳ್ಳ ಡಬ್ಲ್ಯು.ಆರ್. ೩೧೫ ಎಂಬ ಕಡಲೆಯೊಡನೆ ಅದನ್ನು ಸಂಕರಗೊಳಿಸಿದರು. ಪ್ರತಿ ಪೀಳಿಗೆಯಲ್ಲಿಯೂ ನಿರೋಧದ ಅಂಶವು ಬಂದಿದೆಯೋ ಇಲ್ಲವೋ ಎಂಬುದನ್ನು ಎಳೆಯ ಗಿಡದ ವಂಶವಾಹಿಯ ಗುರುತಿನಿಂದಲೇ ಕಂಡುಕೊಂಡು, ಮತ್ತೆ ಮತ್ತೆ ಅಣ್ಣಿಗೇರಿಗೇ ಕೂಡಿಸಿದರು. ಹೀಗೆ ಪಡೆದ ಸೂಪರ್ ಅಣ್ಣಿಗೇರಿ ೧ ತಳಿಯ ವಿವರವು ೨೦೧೯ರಲ್ಲಿ ಪ್ರಕಟವಾಯಿತು. ಹಳೆಯದರ ಗುಣವನ್ನು ಉಳಿಸಿಕೊಂಡು, ಅದರ ದೌರ್ಬಲ್ಯವೊಂದನ್ನು ಮಾತ್ರ ತೆಗೆದ ಕೆಲಸವಿದು. ಇಂಥ ಗುರುತಿನ ಪರೀಕ್ಷೆಯು ಪ್ರಯೋಗಶಾಲೆಯಲ್ಲಿ ನಡೆದರೂ ಕೊನೆಯ ತೀರ್ಪನ್ನು ಕೊಟ್ಟದ್ದು ರೋಗದ ಮಡಿಯೇ. ಇತ್ತ ನಂದ್ಯಾಲದ ಕೇಂದ್ರವೂ ಯಂತ್ರದಿಂದ ಕೊಯ್ಯಲು ಅನುಕೂಲವಾದ, ಎತ್ತರವಾಗಿ ಬೆಳೆಯುವ ಎನ್.ಬಿ.ಇ.ಜಿ. ೪೭ರಂಥ ತಳಿಗಳನ್ನು ಕೊಟ್ಟಿದೆ.

ಹಾಗಾದರೆ ನಿಶ್ಚಿಂತರಾಗಿರಬಹುದೇ? ಆಗದು. ಗದೆಬೇರಿನ ಕಥೆಯ ಮುಂದಿನ ಭಾಗವನ್ನು ಕೇಳಿರಿ. ಕೆನಡ ದೇಶದ ಆಲ್ಬರ್ಟದಲ್ಲಿ ಎಣ್ಣೆಗಾಗಿ ಬೆಳೆಯುವ ಕನೋಲ ಎಂಬ ಸಾಸಿವೆಜಾತಿಯ ಬೆಳೆಗೆ ೨೦೦೩ರಲ್ಲಿ ಈ ರೋಗ ಕಂಡುಬಂದಿತು. ೨೦೦೯ರಲ್ಲಿ ನಿರೋಧಕ ತಳಿ ಬಂದಿತು. ರೈತರು ಸಂತೋಷಪಟ್ಟು ಅದನ್ನೇ ಬಿತ್ತಿದರು. ೨೦೧೩ರ ವೇಳೆಗೆ ಆ ತಳಿಯ ಬೇರುಗಳೂ ಕೆಲವು ಹೊಲಗಳಲ್ಲಿ ಊದತೊಡಗಿದವು. ಎದುರಾಳಿಯಲ್ಲಿ ಹೊಸ ಪಂಗಡವು ಮೇಲೆದ್ದಿತ್ತು. ಒಂದೇ ತಳಿಯನ್ನು ಒಂದೇ ಹೊಲದಲ್ಲಿ ಎಡೆಬಿಡದೆ ಬಿತ್ತುವುದೆಂದರೆ ಅದನ್ನು ಗೆಲ್ಲುವ ಶಿಲೀಂಧ್ರವನ್ನು ನಾವೇ ಆರಿಸಿ ಬೆಳೆಸಿದಂತೆ. ನಮ್ಮಲ್ಲಿ ಕಡಲೆಯ ಮೇಲೆ ಕಡಲೆ, ಅದೂ ಒಂದೇ ತಳಿಯ ಕಡಲೆ ಬಿತ್ತುವವರು ಇದನ್ನು ಯೋಚಿಸಬೇಕು.

ಎರಡನೆಯ ಎಚ್ಚರಿಕೆ ಏನೆಂದರೆ, ಒಣಗಿದ ಕಡಲೆಯೆಲ್ಲವೂ ನೆಟೆಯಲ್ಲ. ಹೂಬಿಟ್ಟ ಮೇಲೆ ಬಿಸಿಲು ಏರಿ ಹಸಿ ಆರಿದಾಗ ಒಣ ಬೇರುಕೊಳೆ ಎಂಬ ಬೇರೊಂದು ರೋಗ ಬರುತ್ತದೆ. ಅದು ತಗುಲಿದ ಗಿಡವನ್ನು ಕಿತ್ತರೆ ತಾಯಿಬೇರು ಪಟ್ಟನೆ ಮುರಿದು ನೆಲದಲ್ಲಿಯೇ ಉಳಿಯುತ್ತದೆ. ಪಕ್ಕದ ಬೇರುಗಳು ಉದುರಿಹೋಗಿರುತ್ತವೆ. ನೆಟೆಯನ್ನು ತಡೆಯುವ ತಳಿಯು ಇದನ್ನೂ ತಡೆಯುವುದೆಂಬ ನಿಯಮವಿಲ್ಲ. ಗಿಡವನ್ನು ಸೀಳಿ ನೋಡದೆ "ನಿರೋಧಕ ಬೀಜವೆಂದು ಕೊಟ್ಟು ಮೋಸಮಾಡಿದರು" ಎಂದರೆ ಬೀಜಕ್ಕೂ ಅನ್ಯಾಯ, ನಮಗೂ ನಷ್ಟ.

ಕೊನೆಯದಾಗಿ, ನಾವು ಮಾಡಬಹುದಾದುದೇನು? ರೋಗದ ಮಡಿಯನ್ನು ನಾವಾಗಿ ಮಾಡಬಾರದು. ರೋಗದ ಮಣ್ಣನ್ನು ಒಂದು ಹೊಲದಿಂದ ಇನ್ನೊಂದಕ್ಕೆ ಒಯ್ಯಲೂ ಬಾರದು, ಶಾಲೆಯ ಅಂಗಳಕ್ಕೆ ತರಲೂ ಬಾರದು. ರೋಗದ ಹೊಲದ ಫಸಲನ್ನು ಬೀಜಕ್ಕೆ ಇಟ್ಟುಕೊಳ್ಳಬಾರದು. ಬೀಜದ ಮೂಲಕವೂ ಇದು ಹರಡುತ್ತದೆ. ಆದರೆ ಯಾರ ಹೊಲದಲ್ಲಿ ನೆಟೆ ಬೀಳುವ ಜಾಗ ಈಗಾಗಲೇ ಉಂಟೋ, ಅವರು ಅಲ್ಲಿಯೇ ನಾಲ್ಕು ಸಾಲುಗಳನ್ನು ಪರೀಕ್ಷೆಗೆಂದು ಮೀಸಲಿಡಬಹುದು. ಹೊಸ ತಳಿಯ ಒಂದು ಸಾಲು, ನೆಟೆಗೆ ಸೋಲುವುದೆಂದು ಗೊತ್ತಿರುವ ಹಳೆಯ ಬೀಜದ ಒಂದು ಸಾಲು, ಮತ್ತೆ ಹೊಸದು, ಮತ್ತೆ ಹಳೆಯದು. ಮನೆಯ ಮಗನೋ ಮಗಳೋ ಮೊಳಕೆಗಳನ್ನು ಎಣಿಸಿ ಬರೆದಿಡಲಿ. ವಾರಕ್ಕೊಮ್ಮೆ ಸತ್ತವನ್ನು ಎಣಿಸಿ, ಸೀಳಿ ನೋಡಿ, ಕಪ್ಪು ಗೆರೆಯಿದ್ದವನ್ನು ಮಾತ್ರ ನೆಟೆಯ ಲೆಕ್ಕಕ್ಕೆ ಸೇರಿಸಲಿ. ಹಳೆಯ ಬೀಜದ ೧೨೦ ಗಿಡಗಳಲ್ಲಿ ೧೦೮ ಸತ್ತು, ಹೊಸದರ ೧೨೦ರಲ್ಲಿ ೬ ಸತ್ತರೆ ನೂರಕ್ಕೆ ೯೦ ಮತ್ತು ೫ ಎಂದಾಯಿತು; ಹೊಸ ಬೀಜ ಗೆದ್ದಿತು. ಹಳೆಯದರಲ್ಲಿಯೂ ೬ ಮಾತ್ರ ಸತ್ತಿದ್ದರೆ ಏನೂ ತಿಳಿಯಲಿಲ್ಲ; ಬರುವ ವರ್ಷ ಮತ್ತೆ ನೋಡಬೇಕು. ಇದು ಆರನೆಯ ತರಗತಿಯ ಶೇಕಡಾ ಲೆಕ್ಕ. ಆದರೆ ಮೂರು ವರ್ಷ ಇದನ್ನು ಬರೆದಿಟ್ಟ ಮನೆಗೆ ತನ್ನ ಹೊಲದ ಮಟ್ಟಿಗೆ ಯಾವ ಬೀಜ ಸರಿಯೆಂಬುದು ಬೇರೆಯವರ ಮಾತಿಲ್ಲದೆ ತಿಳಿಯುತ್ತದೆ. ನಿರೋಧಕವೆನಿಸಿದ ತಳಿಯಲ್ಲಿ ಸಾವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದನ್ನು ಮೊದಲು ಕಾಣುವುದೂ ಆ ಪುಸ್ತಕವೇ. ಅದನ್ನು ಹಿಡಿದುಕೊಂಡು ಕೃಷಿ ಅಧಿಕಾರಿಗಳ ಬಳಿಗೆ ಹೋದರೆ ಅವರಿಗೂ ಉಪಯೋಗ.

ಇಲ್ಲಿಯೇ ನಮ್ಮ ಮಕ್ಕಳ ಒಂದು ಸೌಭಾಗ್ಯವನ್ನು ಎತ್ತಿ ಹೇಳಬಯಸುತ್ತೇನೆ. ಗಡಿಯ ಶಾಲೆಯಲ್ಲಿ ಕನ್ನಡ ಕಲಿತು ಏನು ಪ್ರಯೋಜನವೆಂದು ಕೇಳುವವರುಂಟು. ನಂದ್ಯಾಲದವರ ಸಲಹೆ ತೆಲುಗಿನಲ್ಲಿ ಬರುತ್ತದೆ. ರಾಯಚೂರು, ಧಾರವಾಡಗಳವರ ಸಲಹೆ ಕನ್ನಡದಲ್ಲಿ ಬರುತ್ತದೆ. ಎರಡು ಕಡೆಯವರೂ ದುಡಿಯುತ್ತಿರುವುದು ಇದೇ ಎರೆಭೂಮಿಯ ಕಡಲೆಗಾಗಿ. ಎರಡನ್ನೂ ಓದಿ, ಒಂದರೊಡನೊಂದನ್ನು ತೂಗಿ, ತಂದೆಗೆ ಹೇಳಬಲ್ಲ ಮಗುವು ಈ ಊರುಗಳಲ್ಲಿ ಮಾತ್ರ ಇರಬಲ್ಲದು. ಈ ಸಂಘವು ಬಡಮಕ್ಕಳಿಗೆ ಕೊಡುವ ಪುಸ್ತಕಗಳ ಜೊತೆಗೆ ಒಂದೊಂದು ಹೊಲದ ಲೆಕ್ಕದ ಪುಸ್ತಕವನ್ನೂ ಕೊಟ್ಟರೆ ಖರ್ಚು ಅಲ್ಪ, ಫಲ ದೊಡ್ಡದು ಎಂದು ಕಾರ್ಯಕಾರಿ ಮಂಡಲಿಯ ಮುಂದೆ ವಿನಯಪೂರ್ವಕವಾಗಿ ಸೂಚಿಸುತ್ತೇನೆ.